ಗುಮ್ಮ ಬಾಗಿಲಿಗೆ ಬಂದ ಹಬ್ಬ

ಮಗು ಊಟ ಮಾಡದೆ ಹಟ ಹಿಡಿದರೆ ನೀವು ಏನು ಹೇಳುತ್ತೀರಿ, ಸೋದರಿಯರೇ? “ಬೇಗ ಬೇಗ ನುಂಗು, ಇಲ್ಲದಿದ್ರೆ ಗುಮ್ಮ ಬರ್ತಾನೆ ನೋಡು” ಎಂದು ತಾನೇ? ನಾನೂ ಹೇಳಿದವಳೇ. ಒಂದಲ್ಲ, ನೂರು ಸಲ. ಒಲೆಯ ಮೇಲೆ ಸಾರು ಉಕ್ಕುತ್ತಿರುತ್ತದೆ, ಒಳಗಿನಿಂದ ಅತ್ತೆಯವರು ಕರೆಯುತ್ತಿರುತ್ತಾರೆ, ಸೊಂಟದ ಮೇಲಿನ ಮಗು ಮಾತ್ರ ಬಾಯಿ ಬಿಡುವುದಿಲ್ಲ. ಆಗ ಗುಮ್ಮನನ್ನು ಕರೆದರೆ ಕೆಲಸ ಬೇಗ ಆಗುತ್ತದೆ. ಅವನಿಗೆ ಸಂಬಳವನ್ನೂ ಕೊಡಬೇಕಾಗಿಲ್ಲ.

ಹಾಗಂತ ನಾನು ತಿಳಿದಿದ್ದೆ. ಆ ಸಂಬಳವನ್ನು ನನ್ನ ಮಗ ಕೊಟ್ಟ. ಹನ್ನೆರಡು ವರ್ಷದವರೆಗೂ ಅವನು ದೀಪ ಆರಿಸಿ ಮಲಗಿದವನಲ್ಲ. ರಾತ್ರಿ ಬಚ್ಚಲಿಗೆ ಹೋಗಬೇಕೆಂದರೆ ನನ್ನ ಸೆರಗು ಹಿಡಿದೇ ಬರಬೇಕು. “ಇಷ್ಟು ದೊಡ್ಡ ಹುಡುಗ ಹೆದರ್ತೀಯಲ್ಲೋ, ನಾಚಿಕೆ ಆಗಲ್ವಾ?” ಎಂದು ಬೈದವಳೂ ನಾನೇ. ಹೆದರಿಸಿದವಳೂ ನಾನೇ, ಹೆದರಿದ್ದಕ್ಕೆ ಬೈದವಳೂ ನಾನೇ! ಈ ಮಾತು ನನ್ನ ತಲೆಗೆ ಹೊಳೆಯಲು ಸಮುದ್ರ ದಾಟಿ ಇನ್ನೊಬ್ಬರ ದೇಶದ ಹಬ್ಬ ನೋಡಬೇಕಾಯಿತು ನೋಡಿ. ಅದನ್ನೇ ಈ ಸಲ ನಿಮ್ಮೊಂದಿಗೆ ಹಂಚಿಕೊಳ್ಳೋಣವೆಂದು ಕುಳಿತಿದ್ದೇನೆ.

2024ರಲ್ಲಿ ತಂಗಿಯ ಎರಡನೆಯ ಬಾಣಂತನಕ್ಕೆಂದು ಅಮೆರಿಕದ ನ್ಯೂಜೆರ್ಸಿಗೆ ಹೋಗಿದ್ದೆ. ಅಮ್ಮನಿಗೆ ಮಂಡಿನೋವು, ಆದ್ದರಿಂದ ಅಕ್ಕನಾದ ನನಗೆ ಆ ಪಾಳಿ ಬಂತು. ಖಾರದ ಪುಡಿ, ಬಾಣಂತಿ ಲೇಹ್ಯ, ಹಳೆಯ ಪಂಚೆಗಳ ಜೊತೆಗೆ ನಮ್ಮ ಮಲೆನಾಡಿನವರ ಅಭ್ಯಾಸದಂತೆ ಒಂದು ಕಪ್ಪು ಕೊಡೆಯನ್ನೂ ಪೆಟ್ಟಿಗೆಗೆ ತುರುಕಿದ್ದೆ. ಅಲ್ಲಿ ನೋಡಿದರೆ ಆ ವರ್ಷ ಅಕ್ಟೋಬರ್ ಇಡೀ ತಿಂಗಳು ಮಳೆಯೇ ಇಲ್ಲ! “ಅಕ್ಕಾ, ನಿನ್ನ ಕೊಡೆಗೆ ಇಲ್ಲಿ ರಜಾ” ಎಂದು ತಂಗಿ ನಗುತ್ತಿದ್ದಳು. ಆ ಕೊಡೆಗೂ ಒಂದು ಕೆಲಸ ಕಾದಿತ್ತು. ಅದನ್ನು ಆಮೇಲೆ ಹೇಳುತ್ತೇನೆ.

ಅಕ್ಟೋಬರ್ ಹುಟ್ಟುತ್ತಲೇ ಆ ಬೀದಿಯ ಮನೆಗಳ ಮುಂದೆ ವಿಚಿತ್ರ ಅಲಂಕಾರ ಶುರುವಾಯಿತು. ಒಬ್ಬರ ಅಂಗಳದಲ್ಲಿ ಪ್ಲಾಸ್ಟಿಕ್ ಎಲುಬುಗೂಡು ಕುರ್ಚಿ ಹಾಕಿಕೊಂಡು ಕೂತಿದೆ. ಇನ್ನೊಬ್ಬರ ಗಿಡದ ಮೇಲೆಲ್ಲ ಜೇಡರ ಬಲೆ. ನಾವು ಹಬ್ಬಕ್ಕೆ ಮುಂಚೆ ಕೋಲು ಹಿಡಿದು ಬಲೆ ತೆಗೆಯುತ್ತೇವೆ, ಇವರು ದುಡ್ಡು ಕೊಟ್ಟು ತಂದು ಕಟ್ಟುತ್ತಾರಲ್ಲ ಎಂದು ನಾನು ಬೆರಗಾದೆ. ಅದು ಅಕ್ಟೋಬರ್ 31ರ ರಾತ್ರಿ ಆಚರಿಸುವ ಹ್ಯಾಲೋವೀನ್ ಹಬ್ಬದ ತಯಾರಿ.

ಈ ಹಬ್ಬದ ಮೂಲ ಅಮೆರಿಕವಲ್ಲ. ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯ ಹಳೆಯ ಜನ ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಹೊತ್ತಿಗೆ ‘ಸಾವಿನ್’ ಎಂಬ ಹಬ್ಬ ಮಾಡುತ್ತಿದ್ದರು. ಆ ರಾತ್ರಿ ಸತ್ತವರ ಲೋಕಕ್ಕೂ ನಮ್ಮ ಲೋಕಕ್ಕೂ ನಡುವಿನ ಬಾಗಿಲು ತೆರೆದಿರುತ್ತದೆ ಎಂಬ ನಂಬಿಕೆ. ಮುಂದೆ ಕ್ರೈಸ್ತರು ನವೆಂಬರ್ 1ನ್ನು ಸಕಲ ಸಂತರ ದಿನವೆಂದು ಆಚರಿಸತೊಡಗಿದರು. ಅದರ ಮುನ್ನಾ ರಾತ್ರಿಯೇ ಹ್ಯಾಲೋವೀನ್ ಆಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ವಲಸೆ ಹೋದ ಐರಿಷ್ ಜನ ಇದನ್ನು ಅಮೆರಿಕಕ್ಕೆ ಒಯ್ದರು. ಊರಿನಲ್ಲಿ ಅವರು ಟರ್ನಿಪ್ ಎಂಬ ಗೆಡ್ಡೆಯನ್ನು ಕೊರೆದು ದೀಪ ಮಾಡುತ್ತಿದ್ದರು. ಅಮೆರಿಕದಲ್ಲಿ ದೊಡ್ಡ ದೊಡ್ಡ ಸಿಹಿಗುಂಬಳಕಾಯಿ ಕೈಗೆ ಸಿಕ್ಕಿತು, ಗೆಡ್ಡೆ ಹಿಂದಾಯಿತು. ಮಹಾಲಯ ಅಮಾವಾಸ್ಯೆಗೆ ಹಿರಿಯರನ್ನು ನೆನೆದು ಎಡೆ ಇಡುವ ನಮಗೆ ಇದೇನೂ ದೂರದ ಮಾತಲ್ಲ, ಅಲ್ಲವೇ?

ಇನ್ನು ಮಕ್ಕಳು ವೇಷ ಹಾಕಿಕೊಂಡು ಮನೆಮನೆಗೆ ಹೋಗಿ ಮಿಠಾಯಿ ಬೇಡುವುದನ್ನು ಕೇಳಿದಾಗ ನನಗೆ ನೆನಪಾದದ್ದು ನಮ್ಮ ಕಡೆಯ ಅಂಟಿಕೆ-ಪಂಟಿಕೆ. ದೀಪಾವಳಿಯ ರಾತ್ರಿ ಗಂಡಸರ ತಂಡ ದೀಪ ಹಿಡಿದು ಪದ ಹೇಳುತ್ತಾ ಮನೆಮನೆಗೆ ಬರುತ್ತದೆ. ನಾವು ಆ ದೀಪಕ್ಕೆ ಎಣ್ಣೆ ಎರೆದು ಅಕ್ಕಿ, ಕಾಸು, ಕಜ್ಜಾಯ ಕೊಟ್ಟು ಕಳಿಸುತ್ತೇವೆ. ಊರು ಬೇರೆ, ಪದ ಬೇರೆ, ಕತ್ತಲಲ್ಲಿ ದೀಪ ಹಿಡಿದು ಬಂದವರಿಗೆ ಬಾಗಿಲು ತೆರೆಯುವುದು ಒಂದೇ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ತಂಗಿಯ ದೊಡ್ಡ ಮಗನಿಗೆ ಏಳು ವರ್ಷ. ಪುಟ್ಟ ಎಂದೇ ಕರೆಯೋಣ. ಮನೆಗೆ ಹೊಸ ಪಾಪು ಬಂದ ಮೇಲೆ ಅವನ ಮುಖ ಸಣ್ಣಗಾಗಿತ್ತು. ಎಲ್ಲರೂ ತೊಟ್ಟಿಲ ಸುತ್ತಲೇ ಇದ್ದರೆ ಪಾಪ, ಅವನಾದರೂ ಏನು ಮಾಡಿಯಾನು? ಅವನಿಗೂ ಸ್ವಲ್ಪ ಸಂತೋಷವಾಗಲಿ ಎಂದು ಒಂದು ಶನಿವಾರ ಅವರಪ್ಪ ನಮ್ಮಿಬ್ಬರನ್ನೂ ಊರಾಚೆಯ ಒಂದು ತೋಟಕ್ಕೆ ಕರೆದುಕೊಂಡು ಹೋದರು. ಹುಲ್ಲಿನ ಗಾಡಿಯ ಸವಾರಿ, ಮುಸುಕಿನ ಜೋಳದ ಗದ್ದೆಯಲ್ಲಿ ದಾರಿ ಹುಡುಕುವ ಆಟ, ಕುಂಬಳಕಾಯಿ ಆರಿಸುವ ಹೊಲ. ಎಲ್ಲ ಚೆನ್ನಾಗಿತ್ತು. ಕೊನೆಗೆ ಒಂದು ಹಳೆಯ ಕಣಜದ ಮನೆಯೊಳಗೆ ‘ಹಾಂಟೆಡ್ ಹೌಸ್’, ಅಂದರೆ ದೆವ್ವದ ಮನೆ. ನಮ್ಮ ಜಾತ್ರೆಗಳಲ್ಲಿ ‘ಭೂತ ಬಂಗಲೆ’ ಎಂದು ಡೇರೆ ಹಾಕಿರುತ್ತಾರಲ್ಲ, ಅದರ ಅಣ್ಣ ಎನ್ನಿ.

ಆ ದೇಶದಲ್ಲಿ ಇದೊಂದು ದೊಡ್ಡ ವ್ಯಾಪಾರ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿ 1969ರಲ್ಲೇ ಒಂದು ದೆವ್ವದ ಬಂಗಲೆ ತೆರೆದಿದ್ದರು. ಅದು ಇಂದಿಗೂ ಪ್ರಸಿದ್ಧ. ಫಿಲಡೆಲ್ಫಿಯಾದಲ್ಲಿ 1829ರಲ್ಲಿ ಶುರುವಾಗಿ 1971ರಲ್ಲಿ ಮುಚ್ಚಿದ ಈಸ್ಟರ್ನ್ ಸ್ಟೇಟ್ ಎಂಬ ಸೆರೆಮನೆ ಇದೆ. ಅಲ್ಲೂ ಹ್ಯಾಲೋವೀನ್ ಕಾಲದಲ್ಲಿ ಜನ ಟಿಕೆಟ್ ಕೊಂಡು ಹೆದರಲು ಹೋಗುತ್ತಾರೆ. ದುಡ್ಡು ಕೊಟ್ಟು ಹೆದರುವುದೇ ಎಂದು ನಾನು ಮೊದಲು ನಕ್ಕೆ. ಆದರೆ ದೊಡ್ಡವರಿಗೆ ಅದರಲ್ಲಿ ಮಜಾ ಇರುವುದಕ್ಕೆ ಕಾರಣವಿದೆ. ಎದೆ ಡವಡವ ಎನ್ನುತ್ತಿದ್ದರೂ ಇದು ಸುಳ್ಳು, ನನಗೇನೂ ಆಗುವುದಿಲ್ಲ ಎಂದು ಮನಸ್ಸಿಗೆ ಗೊತ್ತಿರುತ್ತದೆ. ಹೊರಗೆ ಬಂದ ಕೂಡಲೇ ನಗು ಬರುತ್ತದೆ. ಅದೇ ಚಿಕ್ಕ ಮಗುವಿಗೆ ಸುಳ್ಳು ಯಾವುದು, ನಿಜ ಯಾವುದು ಎನ್ನುವ ಗೆರೆ ಇನ್ನೂ ಗಟ್ಟಿಯಾಗಿರುವುದಿಲ್ಲ.

ಒಳಗೆ ಹೋದೆವು. ಕತ್ತಲು, ಹೊಗೆ, ಕಿರುಚಾಟ. ಮೇಲಿನಿಂದ ರಬ್ಬರಿನ ಬಾವಲಿಗಳು ನೇತಾಡುತ್ತಾ ಮುಖಕ್ಕೇ ತಾಗುತ್ತವೆ. ಮೂಲೆಯಿಂದ ಒಬ್ಬ ಮುಖವಾಡದವನು ಮರ ಕೊಯ್ಯುವ ಗರಗಸದ ಯಂತ್ರ ಬುರ್ರೆನ್ನಿಸುತ್ತಾ ಹಾರಿ ಬಂದ. ಅದಕ್ಕೆ ಕೊಯ್ಯುವ ಸರಪಳಿ ಇರಲಿಲ್ಲ, ಬರೀ ಸದ್ದು. ಆದರೆ ಅದು ಪುಟ್ಟನಿಗೆ ಹೇಗೆ ಗೊತ್ತಾಗಬೇಕು? ಅವನು ಅಳಲಿಲ್ಲ, ಕಿರುಚಲೂ ಇಲ್ಲ. ನಿಂತಲ್ಲೇ ಮರಗಟ್ಟಿಬಿಟ್ಟ. ಕೈ ಹಿಡಿದು ನೋಡಿದರೆ ತಣ್ಣಗೆ ಮಂಜುಗಡ್ಡೆ.

“ಏನಾಗಲ್ಲ ನಡಿಯೋ, ಗಂಡು ಹುಡುಗರು ಹೆದರ್ತಾರಾ?” ಎಂದರು ಅವರಪ್ಪ. ಒಳ್ಳೆಯ ಮನುಷ್ಯರೇ, ಕೆಟ್ಟದ್ದಕ್ಕೆ ಹೇಳಿದ್ದಲ್ಲ. ಆದರೆ ಆ ಮಾತು ಕೇಳಿದಾಗ ನನಗೆ ನನ್ನ ದನಿಯೇ ಕೇಳಿದಂತಾಯಿತು. ಬಚ್ಚಲ ಬಾಗಿಲಲ್ಲಿ ನಿಂತು ನನ್ನ ಮಗನಿಗೆ ನಾನು ಹೇಳುತ್ತಿದ್ದುದೂ ಇದನ್ನೇ ತಾನೇ!

“ಬೇಡ, ಅವನನ್ನು ಮುಂದೆ ಕರ್ಕೊಂಡು ಹೋಗೋದು ಬೇಡ” ಎಂದೆ. ಬೀಗರ ಮನೆಯ ಮಾತಿಗೆ ಅಡ್ಡ ಹೋಗುವವಳಲ್ಲ ನಾನು, ಆದರೂ ಅಂದು ಹೇಳಿದೆ. ನನ್ನ ಹರುಕು ಮುರುಕು ಇಂಗ್ಲಿಷಿನಲ್ಲಿ ಆ ಗರಗಸದವನಿಗೆ “ಪ್ಲೀಸ್, ಬೇಬಿ ಫಿಯರ್” ಎಂದೆ. ನೀವು ನಂಬುತ್ತೀರೋ ಇಲ್ಲವೋ, ಅವನು ತಟ್ಟನೆ ಯಂತ್ರ ನಿಲ್ಲಿಸಿ ಮುಖವಾಡ ಮೇಲೆತ್ತಿದ. ಒಳಗೆ ಬೆವರಿಳಿಯುತ್ತಿದ್ದ ಹದಿನೆಂಟು ಹತ್ತೊಂಬತ್ತರ ಹುಡುಗ! ಪುಟ್ಟನ ಮುಂದೆ ಮಂಡಿಯೂರಿ ಏನೋ ಸಮಾಧಾನ ಹೇಳಿ, ಟಾರ್ಚು ಹಿಡಿದು ಪಕ್ಕದ ಬಾಗಿಲಿನಿಂದ ನಮ್ಮನ್ನು ಹೊರಗೆ ಬಿಟ್ಟ. ಬಿಸಿಲಿಗೆ ಬಂದ ಮೇಲೆ ಪುಟ್ಟ ಅತ್ತ ನೋಡಿ, ಒಡಲಿನಿಂದ ಅತ್ತ.

ಆ ರಾತ್ರಿ ಹಾಸಿಗೆ ಒದ್ದೆಯಾಯಿತು. ಬಾಣಂತಿಗೆ ತಿಳಿಯದ ಹಾಗೆ ನಾನೇ ಬಟ್ಟೆ ಬದಲಾಯಿಸಿ ಅವನನ್ನು ನನ್ನ ಪಕ್ಕ ಮಲಗಿಸಿಕೊಂಡೆ. ಹೆದರಬೇಡ ಎಂದು ಹೇಳಲಿಲ್ಲ. “ನಂಗೂ ಚಿಕ್ಕವಳಿದ್ದಾಗ ಹೆದರಿಕೆ ಆಗ್ತಿತ್ತು ಕಣೋ” ಎಂದೆ. 1990ರ ದಶಕದಲ್ಲಿ, ನಾನು ಶಾಲೆಗೆ ಹೋಗುತ್ತಿದ್ದಾಗ, ಬಾಗಿಲಿನ ಮೇಲೆ ‘ನಾಳೆ ಬಾ’ ಎಂದು ಬರೆಯುವ ಗುಲ್ಲು ಹಬ್ಬಿತ್ತಲ್ಲ, ನಿಮಗೂ ನೆನಪಿರಬೇಕು. ರಾತ್ರಿ ದೆವ್ವ ಬಂದು ಪರಿಚಯದವರ ದನಿಯಲ್ಲಿ ಕರೆಯುತ್ತದೆ, ಬಾಗಿಲ ಬರಹ ಓದಿ ವಾಪಸು ಹೋಗುತ್ತದೆ, ಮರುದಿನ ಮತ್ತೆ ಬಂದು ಮತ್ತೆ ಓದಿ ಹೋಗುತ್ತದೆ! ಆ ಕಥೆ ಹೇಳಿದೆ. ಪುಟ್ಟ ಕತ್ತಲಲ್ಲಿ ಯೋಚಿಸಿ, “ಆ ದೆವ್ವಕ್ಕೆ ಅಷ್ಟೂ ಬುದ್ಧಿ ಇಲ್ವಾ ದೊಡ್ಡಮ್ಮ?” ಎಂದು ಕಿಸಕ್ಕನೆ ನಕ್ಕ. ಅಂದು ಮೊದಲ ಸಲ ನಕ್ಕದ್ದು.

ಬೆಳಿಗ್ಗೆ ದೋಸೆ ತಿನ್ನುತ್ತಾ ಅವನೇ ಕೇಳಿದ. “ದೊಡ್ಡಮ್ಮ, ನಾನೇ ಬಾವಲಿ ಆಗ್ಬಿಟ್ರೆ ಆಗ ಬಾವಲಿ ನನ್ನ ಹೆದರ್ಸಲ್ಲ ಅಲ್ವಾ?”

ಏಳು ವರ್ಷದ ಹುಡುಗ ಹೇಳಿದ ಆ ಮಾತೇ ಈ ಹಬ್ಬದ ಗುಟ್ಟು. ನಾವು ಗುಮ್ಮನನ್ನು ಕರೆದು ಮಗುವನ್ನು ಕೂರಿಸುತ್ತೇವೆ. ಇಲ್ಲಿ ಮಗುವೇ ಗುಮ್ಮನ ವೇಷ ತೊಟ್ಟು ಬೀದಿಗೆ ಹೊರಡುತ್ತದೆ. ಹೆದರಿಕೆಯನ್ನು ಅಂಗಿಯ ಹಾಗೆ ತೊಟ್ಟು, ಮನೆಗೆ ಬಂದು ಕಳಚಿ ಗೂಟಕ್ಕೆ ನೇತುಹಾಕುತ್ತದೆ. ಅಂಗಡಿಯಲ್ಲಿ ಸಿದ್ಧ ವೇಷಗಳು ಬೇಕಾದಷ್ಟಿದ್ದವು. ಆದರೆ ತನ್ನ ಹೆದರಿಕೆಯನ್ನು ಮಗು ಎದುರಿಗೇ ಕೂತು ಕತ್ತರಿಸಿ, ಹೊಲಿಸಿ, ಬಣ್ಣ ಹಚ್ಚಿದರೆ ಅದರ ಗುಣವೇ ಬೇರೆ. ಈಗ ಬಂತು ನೋಡಿ ನನ್ನ ಕೊಡೆಯ ಸರದಿ!

ಕೊಡೆಯ ಬಾವಲಿ – ಮಾಡುವ ಬಗೆ

ನಿಮ್ಮ ಮಕ್ಕಳ ಶಾಲೆಯ ಫ್ಯಾನ್ಸಿ ಡ್ರೆಸ್ಸಿಗೂ ಇದು ಆಗುತ್ತದೆ, ಬರೆದಿಟ್ಟುಕೊಳ್ಳಿ. ಎಂಟು ಕಡ್ಡಿಯ ಹಳೆಯ ಕಪ್ಪು ಕೊಡೆ ತೆಗೆದುಕೊಳ್ಳಿ. ಬಟ್ಟೆಯನ್ನು ಕಡ್ಡಿಗಳಿಗೆ ಕಟ್ಟಿದ ದಾರ ಕತ್ತರಿಸಿ ಪೂರ್ತಿ ಬಿಡಿಸಿ. ತುದಿಯ ಚೂಪಾದ ಟೋಪಿಗಳನ್ನು ಮರೆಯದೆ ತೆಗೆಯಿರಿ. ಎದುರು ಬದುರಿನ ಎರಡು ಹೊಲಿಗೆಗಳ ಉದ್ದಕ್ಕೂ ಕತ್ತರಿಸಿದರೆ ಎರಡು ಅರ್ಧಚಂದ್ರ ಸಿಗುತ್ತವೆ. ಒಂದು ಕೊಡೆಗೆ ಎರಡು ಬಾವಲಿ! ಅರ್ಧಚಂದ್ರದ ನೇರ ಅಂಚಿನ ನಡುಭಾಗವನ್ನು ಕಪ್ಪು ಸ್ವೆಟರಿನ ಕುತ್ತಿಗೆಯ ಹಿಂಭಾಗಕ್ಕೆ ಇಟ್ಟು, ಎರಡೂ ಕಡೆ ತೋಳಿನ ಗುಂಟ ಮಣಿಕಟ್ಟಿನ ಹತ್ತಿರದವರೆಗೆ ದೊಡ್ಡ ದೊಡ್ಡ ಹೊಲಿಗೆ ಹಾಕಿ. ಕೊಡೆಯ ಅಂಚು ಬಿಲ್ಲು ಬಿಲ್ಲಾಗಿ ಇರುತ್ತದಲ್ಲ, ಕೈ ಅಗಲಿಸಿದರೆ ಥೇಟು ಬಾವಲಿಯ ರೆಕ್ಕೆಯೇ. ಕಪ್ಪು ಟೋಪಿಗೆ ರಟ್ಟಿನ ಎರಡು ಕಿವಿ ಹೊಲಿದರೆ ವೇಷ ಮುಗಿಯಿತು.

ಕೆಲವು ಎಚ್ಚರಿಕೆ ಮಾತ್ರ ಬೇಕು. ಮುಖವಾಡಕ್ಕಿಂತ ಬಣ್ಣ ಹಚ್ಚುವುದು ಲೇಸು, ಏಕೆಂದರೆ ಮುಖವಾಡ ಕಣ್ಣಿಗೆ ಅಡ್ಡ ಬರುತ್ತದೆ. ಬಣ್ಣವನ್ನು ಮುಂಚಿನ ದಿನವೇ ಮೊಣಕೈಗೆ ಸ್ವಲ್ಪ ಹಚ್ಚಿ, ಕಡಿತ ಬರುವುದಿಲ್ಲವೆಂದು ನೋಡಿಕೊಳ್ಳಿ. ವೇಷ ಕಾಲಿಗೆ ತೊಡರುವಷ್ಟು ಉದ್ದ ಬೇಡ. ಕತ್ತಲಲ್ಲಿ ರಸ್ತೆ ದಾಟುವಾಗ ವಾಹನದವರಿಗೆ ಕಾಣುವಂತೆ ಬೆನ್ನಿಗೆ ಹೊಳೆಯುವ ಪಟ್ಟಿ ಅಂಟಿಸಿ. ಎಲ್ಲಕ್ಕಿಂತ ಮುಖ್ಯವಾದದ್ದು ಬೆಂಕಿ. ಕೊಡೆಬಟ್ಟೆ ನೈಲಾನು, ಕಿಡಿ ತಾಗಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ.

ಇದನ್ನು ಒತ್ತಿ ಹೇಳಲು ಕಾರಣವಿದೆ. 2024ರಲ್ಲಿ ಹ್ಯಾಲೋವೀನ್ ದಿನವೇ ನಮ್ಮ ನರಕ ಚತುರ್ದಶಿ! ಬೆಳಿಗ್ಗೆ ಪುಟ್ಟನಿಗೆ ಎಣ್ಣೆನೀರು, ಸಂಜೆ ಬಾವಲಿ ವೇಷ. ನಾನು ಸಂಭ್ರಮದಿಂದ ಮೆಟ್ಟಿಲ ಮೇಲೆಲ್ಲ ಹಣತೆ ಹಚ್ಚಿಟ್ಟಿದ್ದೆ. ತಂಗಿ ಪಾಪುವನ್ನು ಎತ್ತಿಕೊಂಡು ಹೊರಗೆ ಬಂದವಳು, “ಅಕ್ಕಾ, ಉದ್ದುದ್ದ ಅಂಗಿ ಹಾಕ್ಕೊಂಡ ಮಕ್ಕಳೆಲ್ಲ ಈ ಮೆಟ್ಟಿಲು ಹತ್ತಿ ಬರ್ತವೆ ಕಣೇ” ಎಂದಳು. ಎದೆ ಝಲ್ಲೆಂದಿತು. ಹಣತೆಗಳನ್ನೆಲ್ಲ ತೆಗೆದು ಒಳಗೆ ದೇವರ ಮುಂದೆ ಇಟ್ಟೆ. ಹೊರಗೆ ಕುಂಬಳಕಾಯಿಯೊಳಗೂ ಬ್ಯಾಟರಿ ದೀಪವನ್ನೇ ಇಟ್ಟೆವು. ಅದೇ ನ್ಯೂಜೆರ್ಸಿಯ ಜಾಕ್ಸನ್ ಎಂಬಲ್ಲಿ, ಗ್ರೇಟ್ ಅಡ್ವೆಂಚರ್ ಎಂಬ ಮನರಂಜನಾ ಉದ್ಯಾನದ ದೆವ್ವದ ಮನೆಗೆ 1984ರ ಮೇ 11ರಂದು ಬೆಂಕಿ ಬಿದ್ದು ಎಂಟು ಮಂದಿ ಹದಿಹರೆಯದ ಮಕ್ಕಳು ಸತ್ತರಂತೆ. ಆಮೇಲೆ ಇಂಥ ಮನೆಗಳಿಗೆ ಹೊಗೆ ಬಂದರೆ ಕೂಗುವ ಯಂತ್ರ, ತಾನಾಗಿ ನೀರು ಚಿಮ್ಮುವ ಕೊಳವೆ ಎಂದೆಲ್ಲ ನಿಯಮ ಬಿಗಿಯಾಯಿತು. ನಮ್ಮ ಜಾತ್ರೆಯ ಭೂತ ಬಂಗಲೆಗೆ ಮಕ್ಕಳನ್ನು ಕಳಿಸುವ ಮುಂಚೆ ನೀವೂ ಹೊರಗೆ ಬರುವ ಬಾಗಿಲು ಎಲ್ಲಿದೆ ಎಂದು ಒಮ್ಮೆ ಕೇಳಿ. ಕೇಳಿದರೆ ಅವಮಾನವೇನಿಲ್ಲ.

ಇನ್ನೊಂದು ಪಾಠವೂ ಅಂದು ಆಯಿತು. ಬರುವ ಮಕ್ಕಳಿಗೆ ಕೊಡೋಣವೆಂದು ನಾನು ಶೇಂಗಾ ಉಂಡೆ ಕಟ್ಟಿದ್ದೆ. ತಂಗಿ ಬೇಡವೆಂದಳು. ಅಲ್ಲಿ ಎಷ್ಟೋ ಮಕ್ಕಳಿಗೆ ಶೇಂಗಾ ಆಗಿಬರುವುದಿಲ್ಲ, ಒಂದು ಚೂರು ತಿಂದರೂ ಉಸಿರು ಕಟ್ಟಬಹುದು. ಅಲ್ಲದೆ ಗುರುತಿಲ್ಲದ ಮನೆಯಲ್ಲಿ ಮಾಡಿದ ತಿಂಡಿಯನ್ನು ತಾಯಂದಿರು ಮಕ್ಕಳಿಗೆ ಕೊಡುವುದಿಲ್ಲ, ಅಂಗಡಿಯ ಮುಚ್ಚಿದ ಪೊಟ್ಟಣವೇ ಆಗಬೇಕು. ನನ್ನ ಕೈಯಡುಗೆಯನ್ನು ಬೇಡವೆಂದರಲ್ಲ ಎಂದು ಒಂದು ಗಳಿಗೆ ಮನಸ್ಸಿಗೆ ಪಿಚ್ಚೆನಿಸಿತು. ಆದರೆ ಒಂದು ಮನೆಯ ಮುಂದೆ ಹಸಿರುನೀಲಿ ಬಣ್ಣ ಬಳಿದ ಕುಂಬಳಕಾಯಿ ನೋಡಿದೆ. ‘ತಿಂಡಿ ಆಗಿಬರದ ಮಕ್ಕಳೂ ನಮ್ಮ ಮನೆಗೆ ಬನ್ನಿ, ಪೆನ್ಸಿಲು, ಆಟದ ಸಾಮಾನು ಇದೆ’ ಎಂದು ಅದರ ಅರ್ಥ. 2014ರಿಂದ ಅಲ್ಲಿ ದೇಶದ ತುಂಬ ಹಬ್ಬಿದ ಪದ್ಧತಿಯಂತೆ. ಯಾವ ಮಗುವೂ ಬರಿಗೈಯಲ್ಲಿ ಹೋಗಬಾರದೆನ್ನುವ ಆ ತಾಯಂದಿರ ಮೇಲೆ ನನಗೆ ಗೌರವ ಹುಟ್ಟಿತು. ಉಂಡೆಗಳನ್ನು ನಾವೇ ಮನೆಯವರು ತಿಂದೆವು.

ಸಂಜೆ ಆರಕ್ಕೆಲ್ಲ ಕತ್ತಲಾಯಿತು. ಮುಂಬಾಗಿಲ ದೀಪ ಉರಿಯುತ್ತಿದ್ದರೆ ಆ ಮನೆಗೆ ಹೋಗಬಹುದು, ಆರಿದ್ದರೆ ಹೋಗಬಾರದು. ಇದು ಅಲ್ಲಿನ ರೂಢಿ. ಪುಟ್ಟ ಅವರಪ್ಪನ ಕೈ ಹಿಡಿದು ಹೊರಟ, ಹಿಂದೆ ನಾನು. ಅಂದು ಅಕ್ಟೋಬರಿಗೆ ಅಪರೂಪವಾದ ಸೆಖೆ, ಸ್ವೆಟರಿನೊಳಗೆ ಹುಡುಗ ಬೆವರುತ್ತಿದ್ದ. ಎಲುಬುಗೂಡಿದ್ದ ಮನೆಯ ಮುಂದೆ ಸ್ವಲ್ಪ ನಿಂತ. ಅವರಪ್ಪ ಈ ಸಲ “ನಡಿ” ಎನ್ನಲಿಲ್ಲ. ಪಕ್ಕದಲ್ಲೇ ಕುಕ್ಕುರುಗಾಲಲ್ಲಿ ಕೂತು, “ನಾನೂ ಬರ್ಲಾ, ಇಲ್ಲೇ ನಿಂತಿರ್ಲಾ?” ಎಂದು ಕೇಳಿದರು. ಪುಟ್ಟ ಯೋಚಿಸಿ, “ಇಲ್ಲೇ ಇರು” ಎಂದು ರೆಕ್ಕೆ ಅಗಲಿಸಿಕೊಂಡು ಒಬ್ಬನೇ ಹೋದ. ಬಾಗಿಲು ತೆರೆದ ಅಜ್ಜಿ ಬಾವಲಿಯನ್ನು ನೋಡಿ ಹೆದರಿದಂತೆ ನಟಿಸಿ ಎದೆ ಮುಟ್ಟಿಕೊಂಡರು. ಅವನ ಮುಖ ನೋಡಬೇಕಿತ್ತು ನೀವು!

ಸಿಹಿಗುಂಬಳದ ಕಡುಬು

ದೀಪಕ್ಕೆಂದು ಕೊರೆದು ಹೊರಗಿಟ್ಟ ದೊಡ್ಡ ಕಾಯಿ ಅಡುಗೆಗೆ ಬೇಡ. ಅದು ನೀರುನೀರು, ನಾರು ಹೆಚ್ಚು. ಸಣ್ಣ ಸಿಹಿ ಕಾಯಿ ತನ್ನಿ. ತುರಿದ ಕುಂಬಳ 2 ಬಟ್ಟಲು, ಅಕ್ಕಿತರಿ 1 ಬಟ್ಟಲು, ಪುಡಿ ಬೆಲ್ಲ ಮುಕ್ಕಾಲು ಬಟ್ಟಲು, ಕಾಯಿತುರಿ ಅರ್ಧ ಬಟ್ಟಲು, ಏಲಕ್ಕಿ, ಚಿಟಿಕೆ ಉಪ್ಪು. ಬೆಲ್ಲ, ಕುಂಬಳ, ಕಾಯಿತುರಿ ಸೇರಿಸಿ ಕುದಿಸಿ, ನೀರೊಡೆದ ಮೇಲೆ ಹುರಿದ ಅಕ್ಕಿತರಿ ಹಾಕಿ ಗಟ್ಟಿಯಾಗುವವರೆಗೆ ಕೈಯಾಡಿಸಿ. ತೀರ ಗಟ್ಟಿಯೆನಿಸಿದರೆ ಸ್ವಲ್ಪ ಬಿಸಿನೀರು ಸೇರಿಸಿ. ಬಾಳೆಲೆಯಲ್ಲಿ ಮಡಿಸಿ ಅಥವಾ ಇಡ್ಲಿ ತಟ್ಟೆಯಲ್ಲಿ ಹಾಕಿ ಅರ್ಧ ಗಂಟೆ ಹಬೆಯಲ್ಲಿ ಬೇಯಿಸಿ, ತುಪ್ಪದ ಜೊತೆ ಬಡಿಸಿ. ಬೀಜಗಳನ್ನು ಎಸೆಯಬೇಡಿ. ತೊಳೆದು, ಉಪ್ಪುನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಆರಿಸಿ, ಸ್ವಲ್ಪ ಎಣ್ಣೆಯಲ್ಲಿ ಗರಿಗರಿಯಾಗಿ ಹುರಿದಿಡಿ.

ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ಬೆಂಗಳೂರಿಗೆ ಮಗನಿಗೆ ಫೋನು ಮಾಡಿದೆ. ಅವನಿಗೀಗ ಇಪ್ಪತ್ತು ವರ್ಷ, ಹಾಸ್ಟೆಲಿನಲ್ಲಿದ್ದಾನೆ. ಅಲ್ಲಿ ಬೆಳಗಾಗಿತ್ತು. ಹಬ್ಬದ ಮಾತೆಲ್ಲ ಆದ ಮೇಲೆ ಹೇಳಿದೆ, “ಚಿಕ್ಕವನಿದ್ದಾಗ ನಿನ್ನ ಗುಮ್ಮ ಗುಮ್ಮ ಅಂತ ಹೆದರಿಸ್ತಿದ್ದೆ ಅಲ್ವೇನೋ. ಹಾಗೆ ಮಾಡಬಾರದಿತ್ತು.”

ಒಂದು ಗಳಿಗೆ ಸುಮ್ಮನಿದ್ದ. ಆಮೇಲೆ, “ಅಮ್ಮಾ, ರೂಮಿನವರು ಲೈಟ್ ಆರಿಸಿದ್ರೆ ನಾನು ಈಗಲೂ ಮೊಬೈಲು ಹಚ್ಚಿಟ್ಕೊಂಡೇ ಮಲಗೋದು. ಯಾರಿಗೂ ಹೇಳಿಲ್ಲ” ಎಂದ. ನನಗೆ ಮಾತು ಹೊರಡಲಿಲ್ಲ. ಅವನೇ, “ಇರ್ಲಿ ಬಿಡಮ್ಮಾ, ನೀನು ಕೇಳಿದ್ಯಲ್ಲ” ಎಂದ.

ಸೋದರಿಯರೇ, ಹ್ಯಾಲೋವೀನ್ ನಮ್ಮ ಹಬ್ಬವಲ್ಲ, ಅದನ್ನು ಮಾಡಿ ಎಂದು ನಾನು ಹೇಳುತ್ತಿಲ್ಲ. ಆದರೆ ನಾಳೆ ಮಗು ಊಟಕ್ಕೆ ಹಟ ಮಾಡಿದಾಗ ಗುಮ್ಮನನ್ನು ಕರೆಯುವ ಮುಂಚೆ ಒಮ್ಮೆ ಯೋಚಿಸಿ. ಕರೆದ ಗುಮ್ಮ ಊಟ ಮುಗಿದ ಮೇಲೆ ಹೋಗಿಬಿಡುತ್ತಾನೆಂದು ನಾವು ತಿಳಿದಿರುತ್ತೇವೆ. ಅವನು ಹೋಗಿರುವುದಿಲ್ಲ. ಮನೆಯಲ್ಲಿ ಹರಿದ ಕೊಡೆ ಇದ್ದರೆ ಮಾತ್ರ ಎಸೆಯಬೇಡಿ, ಆಯಿತೇ?